ದನ ಮೇಯದ ಹುಲ್ಲು

ಸೊಸೆಯ ಹುಲ್ಲಿನ ಬಗ್ಗೆ ಆಡಲು ವರಲಕ್ಷ್ಮಮ್ಮನಿಗೆ ಹೊಸ ಮಾತು ಬೇಕಾಗಿರಲಿಲ್ಲ. ಇದ್ದ ಮಾತನ್ನೇ ದಿನವೂ ಹೊಸದಾಗಿ ಆಡುತ್ತಿದ್ದರು. ಸಾತನೂರು ರಸ್ತೆಯಲ್ಲಿ ಹೋಗುವವರು ಯಾರಾದರೂ ಬೈಕು ನಿಲ್ಲಿಸಿ ಆ ಹಸಿರನ್ನು ನೋಡಿದರೆ ಸಾಕು, ಜಗಲಿಯಿಂದಲೇ ಶುರು ಮಾಡುತ್ತಿದ್ದರು.

"ನೋಡ್ರಪ್ಪ, ಚೆನ್ನಾಗ್ ನೋಡ್ರಿ. ನಮ್ಮ ಮಾವ ಸಾಯೋಗಂಟ ಈ ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಬದಿನ ಮೇಲಾಕ್ತಿದ್ರು. ಅದೇ ಗರಿಕೆಗೆ ಇಂಗ್ಲಿಷ್ ಹೆಸರಿಟ್ಟು ನರ್ಸರಿಯೋನು ಚಾಪೆ ಸುತ್ತಿದಂಗೆ ಸುತ್ತಿ ಮಾರ್ದ. ನಮ್ಮ ಸೊಸೆ ಲಾರಿ ಮಾಡ್ಕೊಂಡು ತಂದು ಹಾಸಿದ್ಲು. ದನ ಬುಟ್ರೆ ಮಾತ್ರ ಬೈತಾಳೆ."

ನಿಂತವರು ನಗುತ್ತಿದ್ದರು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಸುಮನಾಳಿಗೂ ನಗು ಬರುತ್ತಿತ್ತು. ಅತ್ತೆ ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ನರ್ಸರಿಯವನು 'ಬರ್ಮುಡಾ' ಎಂದು ಕರೆದದ್ದು ಗರಿಕೆಯ ಒಡಹುಟ್ಟೇ. ಗಣಪತಿಗೆ ಇಡುವ ಗರಿಕೆಗಿಂತ ಒಸಿ ನಯ, ಒಸಿ ಒತ್ತು. ಅಷ್ಟೇ ವ್ಯತ್ಯಾಸ.

ಆ ಮನೆಯಲ್ಲಿ ಹಸಿರು ಎಂದರೆ ಯಾವುದೋ ಒಂದು ಬಾಯಿಗೆ ಸೇರಿದ್ದು. ಹಿಪ್ಪುನೇರಳೆ ರೇಷ್ಮೆ ಹುಳಕ್ಕೆ, ಜೋಳದ ಕಡ್ಡಿ ಹಸುವಿಗೆ, ದಂಟು, ಕೀರೆ ಸಾರಿಗೆ. ಮಾಗಡಿ ಕಡೆಯ ಒಣ ಹಳ್ಳಿಯಿಂದ ಮದುವೆಯಾಗಿ ಬಂದ ದಿನದಿಂದ ಸುಮನಾ ಯಾವ ಎಲೆಯನ್ನು ಮುಟ್ಟಿದರೂ ಅದರ ಹಿಂದೆ ಒಂದು ಹಸಿವು ಕಾದು ಕೂತಿರುತ್ತಿತ್ತು. ಅದರಲ್ಲಿ ಅವಳಿಗೆ ಬೇಸರವಿರಲಿಲ್ಲ. ಹುಳದ ಮನೆಯಲ್ಲಿ ಸೊಪ್ಪು ಹರಡಿದಾಗ ಮಳೆ ಹನಿದಂತೆ ಕೇಳುವ ಆ ಮೇಯುವ ಸದ್ದು ಅವಳಿಗೆ ಇಷ್ಟವೇ ಆಗಿತ್ತು. ಆದರೆ ಒಂದು ಸಲ ರಾಮನಗರದ ಹತ್ತಿರದ ರೆಸಾರ್ಟಿನಲ್ಲಿ ಗಂಡನ ಕಡೆಯವರ ಮದುವೆಗೆ ಹೋದಾಗ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಪಿನ್ನು ತರುತ್ತೇನೆಂದು ಹೋದ ನೆಂಟರ ಹುಡುಗಿ ಬರುವವರೆಗೆ ಅವಳು ಅಲ್ಲಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಅಂಗಾಲಿಗೆ ತಣ್ಣಗೆ, ಮೆತ್ತಗೆ, ಒಂಚೂರು ಕಚಗುಳಿ. ಈ ಹುಲ್ಲನ್ನು ಯಾರೂ ತಿನ್ನುವುದಿಲ್ಲ, ಇದು ಸುಮ್ಮನೆ ಇದೆ ಎಂಬ ಯೋಚನೆ ಬಂದದ್ದೇ ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಹಾಗೆ ಸುಮ್ಮನೆ ಇರುವ ಒಂದು ತುಂಡು ನೆಲ ತನಗೂ ಬೇಕು ಎನ್ನಿಸಿತು.

ಇದನ್ನು ಯಾರಿಗೆ ಹೇಳುವುದು? ನಲವತ್ತೈದು ದಾಟಿದ ಹೆಂಗಸು, ಮಗಳ ಮದುವೆ ಮಾಡಿ ಕಳಿಸಿದವಳು, 'ನನಗೆ ಸುಮ್ಮನೆ ಇರೋ ನೆಲ ಬೇಕು' ಎಂದರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ರಸ್ತೆ ಬದಿಯ ಪಟ್ಟಿಯಲ್ಲಿ ಹಿಪ್ಪುನೇರಳೆಗೆ ಬೇರು ಕೊಳೆ ಬಂದು ಗಿಡವೆಲ್ಲ ಒಣಗಿದಾಗ ಅವಳು ಗಂಡನ ಮುಂದೆ ಬೇರೆಯೇ ಮಾತಿಟ್ಟಳು. ಅಲ್ಲಿ ಹುಲ್ಲು ಹಾಸಿದರೆ ಸಣ್ಣಪುಟ್ಟ ಫಂಕ್ಷನ್ನಿಗೆ ಕೊಡಬಹುದು ಎಂದಳು. ದೇವರಾಜ್ ಬಹಳ ಹೊತ್ತು ಕಿವಿ ಕೆರೆದುಕೊಂಡ.

"ಹುಲ್ಲಿನ ಮೇಲೆ ಯಾರ್ ಬಂದು ಮದುವೆ ಆಗ್ತಾರೆ?"

"ಮುನವ್ವರಾ ಮಗಳು ಆಗ್ತಾಳೆ."

ಮುನವ್ವರಾ ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಾಕುವವಳು. ಇಬ್ಬರೂ ಒಂದು ಕಾಲದಲ್ಲಿ ಜೊತೆಯಲ್ಲಿ ಹೊಲಿಗೆ ಕಲಿತಿದ್ದರು. ಬೇಸಿಗೆ ಕೊನೆಗೆ ಅವಳ ಮಗಳು ನೂರೀನಳ ನಿಕಾಹ್ ಇತ್ತು. ಛತ್ರದ ಫ್ಯಾನಿನ ಕೆಳಗೆ ಬೇಯುವುದು ಸಾಕಾಗಿದೆ, ಸುಮನಕ್ಕ ಹುಲ್ಲು ಬೆಳೆಸಿದರೆ ಸಂಜೆ ಊಟ ಅಲ್ಲೇ ಎಂದು ಅವಳು ಮಾತು ಕೊಟ್ಟಿದ್ದಳು.

"ಸರಿ," ಎಂದ ದೇವರಾಜ್. "ಆ ಹುಡುಗಿ ಮದುವೆ ಊಟ ನಿನ್ನ ಹುಲ್ಲಿನ ಮೇಲೆ ಆದ್ರೆ ಆ ಪಟ್ಟಿ ನಿಂದು. ಅಷ್ಟರೊಳಗೆ ಹುಲ್ಲು ಹೋಯ್ತು ಅಂದ್ರೆ ಮಳೆ ಬಿದ್ದ ತಕ್ಷಣ ಉತ್ತು ಹಿಪ್ಪುನೇರಳೆ ಕಡ್ಡಿ ಊರ್ತೀನಿ. ಆಮೇಲೆ ಮುಖ ಊದಿಸ್ಕೊಬಾರ್ದು."

"ಊದಿಸ್ಕೊಳಲ್ಲ," ಎಂದಳು ಸುಮನಾ. ಆಗ ಮಾಗಿಯ ಚಳಿ. ಹುಲ್ಲು ಹಾಸಿದ ಕೆಲವೇ ವಾರಕ್ಕೆ ಬೇರು ಬಿಟ್ಟು ನಗುತ್ತಿತ್ತು. ಒಪ್ಪಂದ ಸುಲಭ ಎನ್ನಿಸಿತ್ತು.

ಸುಲಭವಲ್ಲ ಎಂದು ಚಳಿ ಶಿವಶಿವಾ ಎಂದು ಓಡಿದ ಮೇಲೆ ಗೊತ್ತಾಯಿತು. ಯುಗಾದಿಯ ಹೊತ್ತಿಗೆ ಬಂಡೆಗಳಿಂದ ಬರುವ ಬಿಸಿ ಗಾಳಿಗೆ ಹುಲ್ಲು ಹಸಿರು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತು. ನಡೆದರೆ ಹೆಜ್ಜೆಯ ಗುರುತು ಹಾಗೇ ಉಳಿಯುತ್ತಿತ್ತು. ಮೊದಲೆಲ್ಲ ತುಳಿದ ಹುಲ್ಲು ಚಿಟಿಕೆ ಹೊಡೆಯುವುದರೊಳಗೆ ಎದ್ದು ನಿಲ್ಲುತ್ತಿತ್ತು. ಈಗ ಮಲಗಿದ್ದು ಮಲಗಿದ್ದೇ. ಚಾಪೆಯಂತೆ ಕಾಣಲಿ ಎಂದು ಅವಳು ಅದನ್ನು ಬುಡದವರೆಗೆ ಕತ್ತರಿಸಿದ್ದಳು ಬೇರೆ.

ಸುಮನಾಳಿಗೆ ಸೆಕೆ ಎಂದರೆ ಏನೆಂದು ಗೊತ್ತಿತ್ತು, ಆದರೆ ಹುಳದ ಸೆಕೆ. ಬೇಸಿಗೆಯ ಬೆಳೆಯಲ್ಲಿ ಹುಳದ ಮನೆಯ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟುವುದು, ಸಂಜೆ ನೆಲಕ್ಕೆ ನೀರು ಹೊಯ್ಯುವುದು, ರಾತ್ರಿ ನಡುವೆ ಎದ್ದು ಹೋಗಿ ಚೀಲ ಮುಟ್ಟಿ ನೋಡುವುದು ಅವಳ ಕೈಗೆ ರೂಢಿಯಾಗಿ ಹೋದ ಕೆಲಸ. ಆ ಕೈ ಬೇರೆ ಏನು ತಾನೇ ಮಾಡೀತು? ಅಟ್ಟದ ಮೇಲಿದ್ದ ಚೀಲಗಳನ್ನೆಲ್ಲ ಇಳಿಸಿದಳು. ತೊಟ್ಟಿಯಲ್ಲಿ ಅದ್ದಿದಳು. ಹೊತ್ತು ಮುಳುಗುವಾಗ ಹುಲ್ಲಿಗೆ ನೀರು ಕುಡಿಸಿ, ಮೇಲೆ ಚೀಲ ಹೊದಿಸಿದಳು. ಚೀಲ ಸಾಲದ ಕಡೆ ಹಳೆಯ ಹತ್ತಿ ಸೀರೆಗಳು ಬಂದವು. ಕೊನೆಗೆ ದೇವರಾಜನ ಪಂಚೆಯೂ ಒಂದು.

"ನನಗೆ ಜ್ವರ ಬಂದಾಗ್ಲೂ ಹಿಂಗೆ ಹೊದಿಸಿರ್ಲಿಲ್ಲ ನೀನು," ಎಂದ ಅವನು.

ಮೊದಲ ಕೆಲವು ದಿನ ಹುಲ್ಲು ತಂಪಾಗಿ ಕಂಡಿತು. ಸುಮನಾ ಹಿಗ್ಗಿದಳು. ಆಮೇಲೆ ಒಂದು ಬೆಳಿಗ್ಗೆ ಚೀಲ ಎತ್ತಿದಾಗ ಹುಲ್ಲಿನ ತುದಿಯಿಂದ ತುದಿಗೆ ಬೆಳ್ಳನೆಯ ನೂಲು ಹರಡಿತ್ತು. ಅರಳೆ ಹಿಂಜಿ ಉದುರಿಸಿದ ಹಾಗೆ. ಜೇಡನ ಬಲೆಯೆಂದು ಬೆರಳಿಂದ ತೆಗೆಯಲು ಹೋದಳು. ಕೆಳಗಿನ ಎಲೆಗಳು ಎಣ್ಣೆ ಸವರಿದಂತೆ ಜಾರಿದವು, ಎಳೆದರೆ ಕೊಳೆತು ಕೈಗೆ ಬಂದವು. ಬಿಸಿಲೇರುವಷ್ಟರಲ್ಲಿ ನೂಲು ಮಾಯ. ಉಳಿದದ್ದು ಕರ್ರಗಿನ, ತಟ್ಟೆಯಗಲದ ಕಲೆಗಳು.

ವರಲಕ್ಷ್ಮಮ್ಮ ಬಗ್ಗಿ ನೋಡಿದರು. "ಹುಳ ಸಾಕಿದ ಕೈ ಕಣಮ್ಮಿ ನಿಂದು. ಹುಲ್ಲೂ ಗೂಡು ಕಟ್ತಾ ಐತೆ. ಹೋಗಿ ಗೂಡು ಕಟ್ಟಿಸೋ ಚಂದ್ರಿಕೆ ತಟ್ಟೆ ತಂದಿಡು, ರಾಮನಗರದ ಮಾರ್ಕೆಟ್ಟಿಗೆ ಹಾಕಣ."

ಈ ಸಲ ಸುಮನಾಳಿಗೆ ನಗು ಬರಲಿಲ್ಲ.

ಮುನವ್ವರಾಳಿಗೆ ಫೋನು ಹೋಯಿತು. ಮರುದಿನ ಅವಳು ನೂರೀನಳ ಗೆಳತಿ ಶೀಬಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು. ಶೀಬಾ ತೋಟಗಾರಿಕೆ ಓದಿ, ಒಂದು ರೆಸಾರ್ಟಿನ ಹುಲ್ಲು, ಗಿಡ ನೋಡಿಕೊಳ್ಳುವ ಕೆಲಸದಲ್ಲಿದ್ದ ಹುಡುಗಿ. ಬಂದವಳೇ ಮಂಡಿಯೂರಿ ಕೂತು ಒಂದು ಎಲೆ ಕಿತ್ತು ನೋಡಿದಳು. ಆಮೇಲೆ ಬೇಲಿಯ ಮೇಲೆ ಒಣಗಿಸಿದ್ದ ಚೀಲ, ಸೀರೆ, ಪಂಚೆಗಳ ಸಾಲು ನೋಡಿದಳು.

"ಆಂಟಿ, ಇದನ್ನೆಲ್ಲ ರಾತ್ರಿ ಹುಲ್ಲಿಗೆ ಹೊದಿಸಿದ್ರಾ?"

"ಸೆಕೆ ಅಲ್ವಾ ಮಗ, ಅದಕ್ಕೆ."

ಶೀಬಾ ತುಟಿ ಕಚ್ಚಿ ಹಿಡಿದಳು. ಹಿಡಿಯಲಾಗಲಿಲ್ಲ. ನಕ್ಕೇಬಿಟ್ಟಳು. ಅವಳ ಹಿಂದೆ ಮುನವ್ವರಾ, ಅವಳ ಹಿಂದೆ ವರಲಕ್ಷ್ಮಮ್ಮ. ಸುಮನಾ ನೆಲ ನೋಡುತ್ತ ನಿಂತಳು, ಆಮೇಲೆ ಗಂಡನ ಪಂಚೆ ಕಣ್ಣಿಗೆ ಬಿದ್ದು ಅವಳೂ ನಕ್ಕಳು.

"ಬೂಷ್ಟು ಹಿಡಿದಿದೆ ಆಂಟಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದು, ಮೇಲೆ ಸೆಕೆ, ಗಾಳಿ ಇಲ್ಲ. ಈ ಬೂಷ್ಟಿಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ? ಹುಳಕ್ಕೆ ಬೇಕಾದ್ದೇ ಬೇರೆ, ಹುಲ್ಲಿಗೆ ಬೇಕಾದ್ದೇ ಬೇರೆ." ಅವಳು ಕೈ ಒರೆಸಿಕೊಂಡು ಹೇಳುತ್ತ ಹೋದಳು. ನೀರು ಬೆಳಗಿನ ಜಾವ ಬಿಡಬೇಕು, ಬಿಸಿಲೇರುವಷ್ಟರಲ್ಲಿ ಎಲೆ ಆರಬೇಕು. ಬಿಟ್ಟರೆ ಬೇರು ಆಳಕ್ಕಿಳಿಯುವಷ್ಟು ಬಿಡಬೇಕು, ಮತ್ತೆ ನೆಲ ಒಣಗುವವರೆಗೆ ಮುಟ್ಟಬಾರದು. ಬೇಸಿಗೆಯಲ್ಲಿ ಹುಲ್ಲನ್ನು ಉದ್ದ ಬಿಟ್ಟರೆ ಅದರ ನೆರಳು ಅದಕ್ಕೇ ಆಗುತ್ತದೆ. ಹಸಿರಾಗಲಿ ಎಂದು ಯೂರಿಯಾ ಮಾತ್ರ ಎಸೆಯಬಾರದು.

"ಎಸೆದೆ," ಎಂದಳು ಸುಮನಾ ಸಣ್ಣ ದನಿಯಲ್ಲಿ.

"ಎಷ್ಟು?"

"ಕೈಗೆ ಬಂದಷ್ಟು."

"ಆಯ್ತು ಬಿಡಿ, ಇನ್ನು ಬೇಡ. ಕಲೆ ಇರೋ ಕಡೆ ಕೊಳೆತದ್ದನ್ನ ಬಾಚಿ ತೆಗೀರಿ. ಸುತ್ತ ಇರೋದು ಹಬ್ಬಿ ಮುಚ್ಚುತ್ತೆ."

ಚೀಲಗಳು ಅಟ್ಟ ಸೇರಿದವು. ಸುಮನಾ ಕೋಳಿ ಕೂಗುವ ಹೊತ್ತಿಗೆ ಎದ್ದು ತೊಟ್ಟಿಯ ನೀರನ್ನು ಪೈಪಿನಲ್ಲಿ ಬಿಡತೊಡಗಿದಳು. ಕರೆಂಟು ತನಗೆ ಮನಸ್ಸು ಬಂದಾಗ ಬರುವುದರಿಂದ ಬಂದಾಗ ತೊಟ್ಟಿ ತುಂಬಿಸಿಟ್ಟುಕೊಳ್ಳಬೇಕಿತ್ತು. ಆ ಹೊತ್ತಿನಲ್ಲಿ ಊರು ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ನೀರನ್ನು ಬೀಸಣಿಗೆಯಂತೆ ಹರಡುವಾಗ ಅವಳು ತನಗೇ ಗೊತ್ತಿಲ್ಲದೆ ಮಾಗಡಿ ಕಡೆಯ ಸೋಬಾನೆ ಪದವನ್ನು ಗುನುಗುತ್ತಿದ್ದಳು. ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಾನು ಹಾಡು ಬಿಟ್ಟದ್ದು ಯಾವಾಗ ಎಂದು ಅವಳಿಗೂ ನೆನಪಿರಲಿಲ್ಲ.

ಕಲೆಗಳ ಅಂಚಿನಿಂದ ಹುಲ್ಲು ಬೆರಳು ಚಾಚಿ ಚಾಚಿ ಒಳಗೆ ಬಂತು. ಬೂದಿ ಬಣ್ಣ ಹೋಯಿತು. ಮದುವೆಯ ತಿಂಗಳು ಹತ್ತಿರವಾಗುತ್ತಿದ್ದಂತೆ ಗೊರವಂಕ ಹಕ್ಕಿಗಳು ಬಂದವು, ಆಮೇಲೆ ಬೆಳ್ಳಕ್ಕಿ ಬಂದವು. ಬೆಳಿಗ್ಗೆ ಬೆಳಿಗ್ಗೆಯೇ ಹಸಿರಿನ ಮೇಲೆ ಬಿಳಿ ಹಕ್ಕಿಗಳು ತಲೆ ಅಲ್ಲಾಡಿಸುತ್ತ ನಡೆಯುವುದನ್ನು ನೋಡಿ ಸುಮನಾ ಮಗಳಿಗೆ ಫೋಟೋ ತೆಗೆದು ಕಳಿಸಿದಳು. ಆ ಫೋಟೋ ಮುನವ್ವರಾಳಿಗೂ ಹೋಯಿತು, ಅಲ್ಲಿಂದ ಶೀಬಾಳಿಗೂ ಹೋಯಿತು. ಶೀಬಾ ತಕ್ಷಣ ಫೋನು ಮಾಡಿದಳು.

"ಆಂಟಿ, ಹಕ್ಕಿಗಳು ಹುಲ್ಲು ನೋಡೋಕೆ ಬರಲ್ಲ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಸೋಪು ಕಲಸಿ ಒಂದು ಜಾಗದಲ್ಲಿ ಹೊಯ್ದು ನೋಡಿ."

ಹೊಯ್ದಳು. ನೊರೆ ಇಳಿದ ಸ್ವಲ್ಪ ಹೊತ್ತಿಗೆ ಹುಲ್ಲಿನ ಬುಡದಿಂದ ಒಂದು ಹುಳ ಮೇಲೆ ಬಂತು. ಹಸಿರು, ಪಕ್ಕದಲ್ಲಿ ಕಂದು ಪಟ್ಟೆ. ಅದರ ಹಿಂದೆ ಇನ್ನೊಂದು. ನೋಡುತ್ತ ನೋಡುತ್ತ ಆ ಬಕೆಟಿನಗಲ ಜಾಗವೆಲ್ಲ ಮಿಸುಕಾಡಿತು. ಹಗಲು ಬುಡದಲ್ಲಿ ಅಡಗಿ, ಕತ್ತಲಾದರೆ ಮೇಯುವ ಸೈನಿಕ ಹುಳ. ಮೂಲೆಯಲ್ಲಿ ಹುಲ್ಲು ಕುರಿ ಮೇದಂತೆ ಬೋಳಾಗಿದ್ದು ಬಿಸಿಲಿಗೆ ಎಂದುಕೊಂಡಿದ್ದಳು ಅವಳು. ಬಿಸಿಲಲ್ಲ.

ವರಲಕ್ಷ್ಮಮ್ಮ ಇದನ್ನೂ ಬಿಡಲಿಲ್ಲ. "ನೀನು ಹುಳ ಬೇಡ ಅಂದು ಹುಲ್ಲು ಹಾಕ್ದೆ. ಹುಳ ನಿನ್ನ ಬುಡಬೇಕಲ್ಲ?"

ದೇವರಾಜ್ ಹೋಗಿ ಬೆನ್ನಿಗೆ ಹಾಕುವ ಸ್ಪ್ರೇಯರ್ ತಂದ. ಹುಲ್ಲು ಹೋಗಲಿ ಎಂದು ಅವನು ಕಾಯುತ್ತಿದ್ದಾನೆ ಎಂದು ಸುಮನಾ ಒಳಗೊಳಗೇ ಅಂದುಕೊಂಡಿದ್ದಳು. ಅವನು ಔಷಧಿ ಬಾಟಲಿನ ಮುಚ್ಚಳ ತಿರುಗಿಸುವುದನ್ನು ನೋಡಿ ಆ ಅನುಮಾನಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಮೂಡಲ ಗಾಳಿ ಅವಳ ಸೆರಗನ್ನು ಬದಿನ ಕಡೆಗೆ ಹಾರಿಸಿತು. ಬದಿನಾಚೆ ಚಿಕ್ಕಲಕ್ಷ್ಮಮ್ಮನ ಹಿಪ್ಪುನೇರಳೆ ತೋಟ ತಲೆದೂಗುತ್ತಿತ್ತು.

"ರೀ, ತಡೀರಿ."

"ಯಾಕೆ?"

"ಚಿಕ್ಕಲಕ್ಷ್ಮಕ್ಕನ ರೇಷ್ಮೆ ಹುಳ ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದವೆ. ಈಗ ಹಗಲೂ ರಾತ್ರಿ ಮೇಯ್ತವೆ. ಇದೇ ಸೊಪ್ಪು ಅವಕ್ಕೆ."

ಅವನ ಕೈ ಅಲ್ಲೇ ನಿಂತಿತು. ಇಬ್ಬರಿಗೂ ನೆನಪಿತ್ತು. ಒಂದು ವರ್ಷ ಯಾರದೋ ಟೊಮೇಟೊ ತೋಟದ ಔಷಧಿ ಗಾಳಿಯಲ್ಲಿ ಬಂದು ಇವರ ಸೊಪ್ಪಿನ ಮೇಲೆ ಕೂತಿತ್ತು. ಮಧ್ಯಾಹ್ನ ಹಾಕಿದ ಸೊಪ್ಪಿಗೆ ಸಂಜೆಯೊಳಗೆ ಹುಳ ತಲೆಯೆತ್ತಿ ತೂಗಾಡಿ, ಹಸಿರು ಕಕ್ಕಿ, ಮುದುಡಿಕೊಂಡವು. ಇನ್ನೇನು ಬಲಿತು ಹಣ್ಣಾಗಿ ಗೂಡು ಕಟ್ಟಲು ಏರಬೇಕಿದ್ದ ಹುಳ. ಸುಮನಾ ತಟ್ಟೆ ತಟ್ಟೆ ಹೊತ್ತು ಗುಂಡಿಗೆ ಸುರಿದಿದ್ದಳು. ಅವತ್ತು ಬೆರಳಿಗೆ ತಾಕಿದ ಆ ತಣ್ಣನೆಯ ಸ್ಪರ್ಶ ಅವಳಿಗೆ ಇನ್ನೂ ಮರೆತಿರಲಿಲ್ಲ.

"ಗಾಳಿ ನಿಂತ ಮೇಲೆ ಹೊಡಿಯಣ," ಎಂದ ದೇವರಾಜ್, ತನಗೇ ನಂಬಿಕೆಯಿಲ್ಲದವನಂತೆ.

ಸುಮನಾ ಶೀಬಾಳಿಗೆ ಮತ್ತೆ ಫೋನು ಮಾಡಿದಳು. ಬೇರೆ ಔಷಧಿ ಇಲ್ಲವೇ? ಬೇವು? ಜೈವಿಕ ಪುಡಿ? ಶೀಬಾ ಆ ಕಡೆ ತಡೆದು ತಡೆದು ಹೇಳಿದಳು. "ಸೈನಿಕ ಹುಳಾನ ಕೊಲ್ಲೋದು ರೇಷ್ಮೆ ಹುಳಾನೂ ಕೊಲ್ಲುತ್ತೆ ಆಂಟಿ. ಪಕ್ಕದಲ್ಲೇ ಸೊಪ್ಪಿನ ತೋಟ ಇದ್ರೆ ನಾನು ಯಾವುದನ್ನೂ ಹೊಡೀರಿ ಅನ್ನಲ್ಲ."

ಫೋನು ಸೆರಗಿನಲ್ಲಿ ಒರೆಸಿ ಇಟ್ಟುಕೊಂಡು ಅವಳು ಗಂಡನನ್ನು ನೋಡಿದಳು. "ಬೇಡ. ಮುಚ್ಚಳ ಹಾಕಿ."

"ಹಂಗಾದ್ರೆ ಹುಲ್ಲಿನ ಆಸೆ ಬುಟ್ಟಂಗೆ. ಮದುವೆ ಗಂಟ ಇವು ಬೇರೂ ಬುಡಾಕಿಲ್ಲ."

"ಬುಟ್ಟಂಗೆ," ಎಂದಳು ಸುಮನಾ. ಮಾತು ಬಾಯಿಂದ ಸಲೀಸಾಗಿ ಬಂತು. ಕಾಲಿನಡಿಯ ಹಸಿರನ್ನು ಅವಳು ನೋಡಲಿಲ್ಲ. ನೋಡಿದರೆ ಅಳು ಬರುತ್ತದೆಂದು ಗೊತ್ತಿತ್ತು. ಹುಲ್ಲಿಗೆ ಅಳುವ ಹೆಂಗಸು ಎಂಬ ಹೊಸ ಮಾತನ್ನು ಅತ್ತೆಯ ಬಾಯಿಗೆ ಕೊಡಲು ಅವಳಿಗೆ ಇಷ್ಟವಿರಲಿಲ್ಲ.

ಬದಿನಾಚೆ ಸೊಪ್ಪು ಕೊಯ್ಯುತ್ತಿದ್ದ ಕುಡುಗೋಲಿನ ಸದ್ದು ನಿಂತಿತ್ತು. ಗಿಡ ಸರಿಸಿಕೊಂಡು ಚಿಕ್ಕಲಕ್ಷ್ಮಮ್ಮ ಬದಿನ ಮೇಲೆ ಬಂದು ನಿಂತಳು. ಊರಲ್ಲಿ ಅವಳ ನಾಲಿಗೆಗೆ ಹೆದರದವರು ಅವಳ ಕೋಳಿಗಳು ಮಾತ್ರ ಎಂದು ಹೆಸರು.

"ಕೇಳಿಸ್ಕೊಂಡೆ ಕಣೆ. ನನ್ನ ಹುಳಕ್ಕೆ ಅಂತ ನಿನ್ನ ಹುಲ್ಲು ಬುಡ್ತೀಯಾ?"

"ಇನ್ನೇನ್ ಮಾಡ್ಲಕ್ಕ."

"ಏನ್ ಮಾಡ್ಲಿ ಅಂತ ಕೇಳೋಳು ನನ್ನ ಕೇಳ್ಬೇಕಾಗಿತ್ತು. ಆ ಟೌನ್ ಹುಡುಗಿಗೆ ಫೋನ್ ಮಾಡ್ತಾಳೆ." ಅವಳು ಸೋಪು ನೀರು ಹೊಯ್ದ ಜಾಗದಲ್ಲಿ ಬಗ್ಗಿ, ಒಂದು ಹುಳವನ್ನು ಅಂಗೈ ಮೇಲಿಟ್ಟು ಚಿನ್ನ ನೋಡುವಂತೆ ನೋಡಿದಳು. "ಒಳ್ಳೆ ಮೇದವೆ. ನಮ್ಮ ಕೋಳಿಗಳೇನು ತಪಸ್ಸಿಗೆ ಕೂತವಾ? ನಾಳೆ ಬೆಳಗ್ಗೆ ಕೋಳಿಗೂಡು ತೆಗೆಯೋಕ್ಕಿಂತ ಮುಂಚೆ ನೀನು ನೊರೆ ಎಬ್ಬಿಸಿಡು. ಮಿಕ್ಕಿದ್ದು ನಂದು."

ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಒಬ್ಬಳೇ ಬರಲಿಲ್ಲ. ಕೇರಿಯ ಹೆಂಗಸರೆಲ್ಲ ಮಂಕರಿ ಬುಟ್ಟಿ ಕವುಚಿದ ಕೋಳಿಗಳನ್ನು ತಲೆಯ ಮೇಲೆ ಹೊತ್ತು, ಕಂಕುಳಲ್ಲಿ ಇರುಕಿಕೊಂಡು ಬಂದರು. ಯಾರ ಕೋಳಿ ಯಾರದೆಂದು ತಿಳಿಯಲು ಕಾಲಿಗೆ ಬಟ್ಟೆ ಚೂರು ಕಟ್ಟಿದ್ದರು. ಕೆಂಪು, ಹಳದಿ, ರವಿಕೆಯ ಜರಿ ಅಂಚು. ಚಿಕ್ಕಲಕ್ಷ್ಮಮ್ಮನ ಹುಂಜಕ್ಕೆ ಮಾತ್ರ ಗುರುತು ಬೇಕಿರಲಿಲ್ಲ. ಅದು ಅವಳಂತೆಯೇ ಕತ್ತೆತ್ತಿ ನಡೆಯುತ್ತಿತ್ತು.

ಸುಮನಾ ನೊರೆ ನೀರು ಚೆಲ್ಲುತ್ತ ಹಿಂದೆ ಹಿಂದೆ ಸರಿದಳು. ಹುಳ ಮೇಲೆದ್ದವು. ಮಂಕರಿಗಳು ತೆರೆದವು.

ಆಮೇಲಿನದು ಮಾತಿಗೆ ಸಿಕ್ಕುವಂಥದಲ್ಲ. ರೆಕ್ಕೆ, ಧೂಳು, ಕೊಕ್ಕಿನ ಟಕಟಕ, ಹೆಂಗಸರ ನಗು. ಒಂದೇ ಹುಳಕ್ಕೆ ಎರಡು ಕೋಳಿ ಎಳೆದಾಡಿದರೆ ಇಬ್ಬರು ಒಡತಿಯರೂ ಎಳೆದಾಡಿದರು.

"ನಿನ್ನ ಕೋಳಿನ ಹಿಡ್ಕೊ, ನನ್ನದರ ಬಾಯಿಂದ ಕಿತ್ಕೊತೈತೆ."

"ನಿಂದು ತಿನ್ನಕ್ ಬಂದೈತಾ, ಬೀಗರೂಟಕ್ ಬಂದೈತಾ? ಆರಿಸ್ಕೊಂಡು ತಿಂತಾ ಐತೆ."

"ನೋಡ್ರೇ, ವರಲಕ್ಷ್ಮಕ್ಕ ಕೋಳಿ ಓಡಿಸ್ತಾವ್ರೆ."

ನಿಜವಾಗಿಯೂ ವರಲಕ್ಷ್ಮಮ್ಮ ಜಗಲಿ ಬಿಟ್ಟಿಳಿದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೋಲು ಹಿಡಿದು ಕೋಳಿಗಳನ್ನು ಇನ್ನೂ ಮುಟ್ಟದ ಮೂಲೆಗೆ ಅಟ್ಟುತ್ತಿದ್ದರು. "ಇಲ್ಲೈತೆ ಬಾರೆ, ಇಲ್ಲಿ, ಕಣ್ಣು ಹಿಂಗೋಗೈತಾ ನಿಂಗೆ?" ಯಾರಿಗೆ ಬೈಯುತ್ತಿದ್ದಾರೋ, ಕೋಳಿಗೋ ಸೊಸೆಗೋ, ಗೊತ್ತಾಗುತ್ತಿರಲಿಲ್ಲ. ಸುಮನಾ ನಕ್ಕು ನಕ್ಕು ಬಕೆಟ್ ಕೆಳಗಿಟ್ಟು ಕೂತಳು. ಹೊಟ್ಟೆ ಹಿಡಿದುಕೊಂಡು ನಗುವಾಗ ಕಣ್ಣಿನಿಂದ ನೀರು ಬಂತು, ಅದರಲ್ಲಿ ನಿನ್ನೆಯ ಅಳುವೂ ಒಂದಿಷ್ಟು ಇಳಿದುಹೋಯಿತು.

ಬಿಸಿಲೇರಿದಾಗ ಕೋಳಿಗಳು ಕೊರಳು ಉಬ್ಬಿಸಿಕೊಂಡು, ನಡೆಯಲಾರದೆ ನೆರಳಿಗೆ ಕೂತವು. ಇನ್ನೆರಡು ಬೆಳಿಗ್ಗೆ ಹಾಗೇ ನಡೆಯಿತು. ಕೊನೆಗೆ ಎಲ್ಲಿ ನೊರೆ ಹೊಯ್ದರೂ ಒಂದೋ ಎರಡೋ ಹುಳ ಎದ್ದರೆ ಹೆಚ್ಚು. ಬದಿನಾಚೆ ಚಿಕ್ಕಲಕ್ಷ್ಮಮ್ಮನ ಹುಳ ಹಣ್ಣಾಗಿ ಗೂಡಿಗೇರಿದವು.

ಎಲ್ಲ ಮುಗಿದ ಮೇಲೆ ಸುಮನಾ ಹುಲ್ಲನ್ನು ನೋಡಿದಳು. ಅದು ಹುಲ್ಲಿನ ಹಾಗೆ ಇರಲಿಲ್ಲ. ಕೋಳಿಗೆ ಹುಳವನ್ನಷ್ಟೇ ತಿನ್ನು, ಕೆದಕಬೇಡ ಎಂದು ಹೇಳುವವರು ಯಾರು? ಅಲ್ಲಲ್ಲಿ ಹುಲ್ಲು ಬೇರುಸಹಿತ ಮಗುಚಿಬಿದ್ದಿತ್ತು. ನೆಲ ಗುಂಡಿ ಗುಂಡಿ. ಸೂಲಗಿತ್ತಿ ಮಗು ಉಳಿಸಿ ತೊಟ್ಟಿಲು ಮುರಿದ ಹಾಗಾಯಿತು ಎಂದುಕೊಂಡಳು. ಮದುವೆಗೆ ಹೆಚ್ಚು ದಿನವಿರಲಿಲ್ಲ. ಮುನವ್ವರಾಳಿಗೆ ಛತ್ರ ನೋಡಿಕೊ ಎನ್ನಲು ಫೋನು ಕೈಗೆ ತೆಗೆದುಕೊಂಡು, ಮತ್ತೆ ಇಟ್ಟಳು. ಆ ದಿನ ಅವಳು ಆ ಕಡೆ ಹೋಗಲೇ ಇಲ್ಲ. ದೇವರಾಜ್ ಮುದ್ದೆ ಉಂಡು ಎದ್ದು ಹೊರಗೆ ಹೋದ.

ಮರುದಿನ ನಸುಕಿನಲ್ಲಿ ಅವಳಿಗೆ ಎಚ್ಚರವಾದದ್ದು ಗುಡುಗುಡು ಸದ್ದಿಗೆ. ಮಳೆಯೆಂದು ಹೊರಗೆ ಬಂದಳು. ಮಳೆಯಲ್ಲ. ದೇವರಾಜ್ ಹಗ್ಗವನ್ನು ಎದೆಗೆ ಹಾಕಿಕೊಂಡು ರೋಣಗಲ್ಲು ಎಳೆಯುತ್ತಿದ್ದ. ರಾಗಿ ತೆನೆಯ ಮೇಲೆ ಉರುಳಿಸಿ ಕಾಳು ಬಿಡಿಸುತ್ತಿದ್ದ ಆ ಉರುಟು ಕಲ್ಲು, ಮಷಿನ್ನು ಬಂದ ಮೇಲೆ ಹುಣಸೆ ಮರದ ಬುಡದಲ್ಲಿ ಮಣ್ಣಲ್ಲಿ ಹೂತು ಬಿದ್ದಿತ್ತು. ಅದನ್ನು ಅವನು ಯಾವಾಗ ಅಗೆದು ತೆಗೆದನೋ. ಮಗುಚಿದ ಹುಲ್ಲನ್ನೆಲ್ಲ ಎತ್ತಿ ಕೂರಿಸಿ, ಗುಂಡಿಗಳಿಗೆ ಜರಡಿ ಹಿಡಿದ ಕೆರೆಗೋಡು ಮಣ್ಣು ತುಂಬಿದ್ದ. ಅದರ ಮೇಲೆ ಕಲ್ಲು ನಿಧಾನಕ್ಕೆ ಉರುಳುತ್ತಿತ್ತು.

ಅವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವನು ಹಗ್ಗ ಸಡಿಲಿಸಿದ. ಬೆವರು ಒರೆಸಿಕೊಂಡ.

"ರಾಗಿ ಕಣ ಮಾಡೋವಾಗ ನೆಲ ಗಟ್ಟಿ ಮಾಡ್ತಿರ್ಲಿಲ್ವಾ? ಹಂಗೇಯ. ಬೇರು ಮಣ್ಣಿಗೆ ತಾಕಿದ್ರೆ ಹತ್ಕೊತೈತೆ."

"ಉಳಬೇಕು ಅಂತಿದ್ರಲ್ಲ ನೀವು?"

"ಮಳೆ ಎಲ್ಲಿ ಬಂದೈತೆ ಇನ್ನೂವೆ." ಅವನು ಬೇರೆ ಕಡೆ ನೋಡುತ್ತ ಹೇಳಿದ. "ನೀನು ಬೆಳಗ್ಗೆ ಹೊತ್ತು ಪದ ಹೇಳ್ಕೊಂಡು ನೀರು ಬುಡ್ತೀಯಲ್ಲ, ನಾನು ಎದ್ದೇ ಇರ್ತೀನಿ. ಸುಮ್ನೆ ಮಲಗಿರ್ತೀನಿ ಅಷ್ಟೆ."

ಸುಮನಾ ಹೋಗಿ ಹಗ್ಗದ ಇನ್ನೊಂದು ಕೊನೆ ಹಿಡಿದಳು. ಇಬ್ಬರೂ ಎಳೆದರು. ಕಲ್ಲು ಗುಡುಗುಡು ಎಂದಿತು. ರಸ್ತೆಯಲ್ಲಿ ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಗೆ ಹೋಗುತ್ತಿದ್ದ ವೆಂಕಟಯ್ಯ ಸೈಕಲ್ಲು ನಿಲ್ಲಿಸಿ, "ಏನ್ಲಾ ದೇವರಾಜ, ಎತ್ತು ಮಾರ್ಬುಟ್ಟಾ?" ಎಂದ.

"ಇಲ್ಲ ಕಣ್ಲಾ, ಒಂದಕ್ಕೆ ಜೋಡಿ ಸಿಕ್ತು," ಎಂದ ದೇವರಾಜ್.

ಗರಿಕೆಯ ಜಾತಿ ಗರಿಕೆಯದೇ. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಅದರ ಹಟವನ್ನು ಮೂರು ತಲೆಮಾರು ಬೈದಿದ್ದ ಹೊಲದಲ್ಲಿ ಈಗ ಅದನ್ನೇ ದಿನವೂ ಬಗ್ಗಿ ಬಗ್ಗಿ ನೋಡಿದರು. ಮದುವೆಯ ದಿನ ಹುಲ್ಲು ಪೂರ್ತಿ ಮುಚ್ಚಿಕೊಂಡಿತ್ತು ಎಂದರೆ ಸುಳ್ಳಾಗುತ್ತದೆ. ಅಲ್ಲಲ್ಲಿ ಮಣ್ಣು ಇಣುಕುತ್ತಿತ್ತು. ಮುನವ್ವರಾ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, ಬೋಳು ಜಾಗಗಳ ಮೇಲೆಯೇ ಜಮಖಾನ ಹಾಸಿಸಿದಳು. "ಬೊಂಬೆಗೆ ಬಣ್ಣ ಹಾಕೋಳು ಸುಮನಕ್ಕ ನಾನು. ಎಲ್ಲಿ ಗೀರೈತೋ ಅಲ್ಲಿ ಹೂವು ಬರೀತೀನಿ."

ಸಂಜೆ ನೂರೀನ್ ಜರಿಯ ದುಪಟ್ಟಾ ಸಂಭಾಳಿಸಿಕೊಂಡು, ಎತ್ತರದ ಚಪ್ಪಲಿ ಹುಲ್ಲಿಗೆ ಹೂತುಹೋಗುತ್ತದೆಂದು ಅದನ್ನು ಬಿಚ್ಚಿ, ಬರಿಗಾಲಲ್ಲೇ ಓಡಾಡಿದಳು. ಅವಳನ್ನು ನೋಡಿ ಹೆಂಗಸರೆಲ್ಲ ಚಪ್ಪಲಿ ಬಿಟ್ಟರು. ಬಿರಿಯಾನಿಯ ಹಂಡೆ ಬದಿನ ಪಕ್ಕದಲ್ಲಿತ್ತು, ಅದರಾಚೆ ವರಲಕ್ಷ್ಮಮ್ಮನಂಥವರಿಗೆಂದು ಹೋಳಿಗೆ, ಅನ್ನ, ಸಾರು. ದೇವರಾಜ್ ನೆಂಟರಿಗೆ ನೀರು ಕೊಡುತ್ತ ಓಡಾಡುತ್ತಿದ್ದ. ಗಂಡಿನ ಕಡೆಯ ಒಬ್ಬರು ಹಿರಿಯರು, ಜಾಗ ಯಾರದು, ಬಹಳ ತಂಪಾಗಿದೆ ಎಂದಾಗ, "ನಮ್ಮನೆಯೋರ್ದು," ಎಂದು ಸುಮನಾಳ ಕಡೆ ಕೈ ತೋರಿಸಿದ. ಬಡಿಸುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. ಎಲೆಗೆ ಹೋಳಿಗೆ ಎರಡು ಬಿತ್ತು.

ಮೊದಲ ಮಳೆ ಅದಾದ ಮೇಲೆ ಬಂತು. ಅಷ್ಟರಲ್ಲಿ ಊರ ಹೆಂಗಸರಿಗೆ ಒಂದು ಚಟ ಅಂಟಿತ್ತು. ಹೊತ್ತು ಇಳಿದರೆ ಸಾಕು, ಬಿತ್ತನೆಯ ಕಡಲೆಕಾಯಿಯೋ ಸೊಪ್ಪೋ ಮಡಿಲಲ್ಲಿ ಕಟ್ಟಿಕೊಂಡು ಬಂದು ಸುಮನಾಳ ಹುಲ್ಲಿನ ಮೇಲೆ ಕೂರುತ್ತಿದ್ದರು. ಕೋಳಿ ಬಿಟ್ಟವರಿಗೆಲ್ಲ ಅಲ್ಲಿ ಹಕ್ಕು ಎಂದು ಚಿಕ್ಕಲಕ್ಷ್ಮಮ್ಮನೇ ತೀರ್ಪು ಕೊಟ್ಟಿದ್ದಳು. ಒಬ್ಬಳೇ ಸುಮ್ಮನೆ ಇರಲೆಂದು ಮಾಡಿಕೊಂಡ ಜಾಗದಲ್ಲಿ ಸುಮನಾಳಿಗೆ ಈಗ ಕಾಲು ಚಾಚಲೂ ತೆರಪಿರಲಿಲ್ಲ.

ನೆಲ ಹದವಾದ ಒಂದು ಸಂಜೆ ದೇವರಾಜ್ ಬಾಡಿಗೆ ಟಿಲ್ಲರ್ ಓಡಿಸಿಕೊಂಡು ರಸ್ತೆಯಿಂದ ತಿರುಗಿದ. ಸದ್ದಿಗೆ ಸುಮನಾ ಜಗಲಿ ಇಳಿದು ಬಂದಳು. ಗಂಡ ಕೊಟ್ಟ ಮಾತು ಮಾತೇ ಎಂದು ಗೊತ್ತಿದ್ದರೂ ಕಣ್ಣು ಟಿಲ್ಲರಿನ ಮೇಲೇ ಇತ್ತು. ಅವನು ಉಳಬೇಕಿದ್ದ ಮೇಲಿನ ಹೊಲಕ್ಕೆ ಹುಲ್ಲಿನ ಮೇಲೆ ಹಾದುಹೋದರೆ ಹತ್ತಿರ. ಬದಿನ ಸುತ್ತ ಹೋದರೆ ಬಹಳ ದೂರ.

ಅವನು ಹುಲ್ಲಿನ ಅಂಚಿಗೆ ಬಂದು ನಿಂತ. ಹೆಂಗಸರು ಯಾರೂ ಏಳಲಿಲ್ಲ.

"ಏನ್ ನೋಡ್ತಾ ನಿಂತೆ?" ಎಂದಳು ಚಿಕ್ಕಲಕ್ಷ್ಮಮ್ಮ, ಕಡಲೆಕಾಯಿ ಸುಲಿಯುತ್ತಲೇ. "ಸುತ್ತಾಕ್ಕೊಂಡು ಹೋಗಪ್ಪ. ಇಲ್ಲಿ ಮನುಷ್ಯರು ಕೂತಿಲ್ವಾ?"

"ಹೋಗೋಕೇ ನಿಂತಿರೋದು ಕಣಕ್ಕ, ಒಸಿ ಉಸಿರು ಬುಡು," ಎಂದ ದೇವರಾಜ್. ಟಿಲ್ಲರನ್ನು ಅಲ್ಲೇ ತಿರುಗಿಸಲು ಜಾಗವಿರಲಿಲ್ಲ. ಹಿಂದೆ ಹಿಂದೆಯೇ ತಳ್ಳಿಕೊಂಡು ರಸ್ತೆಗೆ ಹೋಗಿ, ಬದಿನ ಸುತ್ತಿನ ದಾರಿ ಹಿಡಿದ. ಅದು ಹುಣಸೆ ಮರದಾಚೆ ಮರೆಯಾಗುವವರೆಗೂ ಸುಮನಾ ನೋಡಿದಳು.

"ಅಲ್ಲೇ ಯಾಕೆ ಮರ ನಿಂತಂಗೆ ನಿಂತಿದ್ದೀಯ?" ವರಲಕ್ಷ್ಮಮ್ಮ ಅಂಡು ಸರಿಸಿ ಅಂಗೈಯಗಲ ಜಾಗ ಮಾಡಿದರು. "ಬಾ, ಇಲ್ಲಿ ಒಸಿ ಮೆತ್ತಗೈತೆ."

ಸುಮನಾ ಹೋಗಿ ಕೂತಳು. ಯಾರೋ ಕಡಲೆಕಾಯಿಯ ಮೊರವನ್ನು ಅವಳ ಮುಂದೆ ತಳ್ಳಿದರು. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎರಡೂ ಕೈ ಹಿಂದಕ್ಕೆ ಊರಿ, ಕಾಲು ಚಾಚಿದಳು. ಚಿಕ್ಕಲಕ್ಷ್ಮಮ್ಮ ಆ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಮಳೆಯ ಹುಲ್ಲು ಬೆರಳ ಸಂದಿಯಲ್ಲಿ ತಣ್ಣಗೆ ಏಳುತ್ತಿತ್ತು.